‘ತೂರಿನವರು’: ಒಂದು ಗ್ರೀಕ್ ಪದದ ವಿಚಾರ

ಇಡಿಯ ಬೈಬಲು ಕನ್ನಡದಲ್ಲಿ ಮೊದಲು ಸಿದ್ಧವಾದುದು 1831ರಲ್ಲಿ. ಆ ಕಾರ್ಯದಲ್ಲಿ ಪ್ರಮುಖರಾದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿದವರು. ಆ ಗ್ರಂಥದ ಮೂಲಕ ನಮ್ಮ ನುಡಿಗೆ ಬಂದ ದೂರದ ಊರ್ಹೆಸರುಗಳು ಹಲವು. ಅವುಗಳಲ್ಲೊಂದನ್ನು ಇಲ್ಲಿ ವಿಚಾರಿಸುತ್ತೇವೆ.

ಇಂದಿನ ಲೆಬನಾನಿನ ಕಡಲತೀರದಲ್ಲಿರುವ ಆ ಫಿನೀಷಿಯನ್ ಪಟ್ಟಣದ ಮೂಲ ಹೆಸರಿಗೆ ‘ಬಂಡೆ’ ಎಂದರ್ಥ. ಅರಬ್ಬರು ಈಗಲೂ ‘ಸೂರ್’ ಎನ್ನುತ್ತಾರೆ. ಗ್ರೀಕರ ಬಾಯಲ್ಲಿ ಅದು ‘ತ್ಯುರೊಸ್’ ಆಯಿತು. ಅಲ್ಲಿಯ ನಿವಾಸಿ ‘ತ್ಯುರಿಯೊಸ್’. ಕನ್ನಡ ಬೈಬಲಿನ ‘ತೂರ್’ ಈ ಗ್ರೀಕ್ ರೂಪದ ಜಾಡಿನದು. ಹೀಬ್ರೂ ಉಚ್ಚಾರಣೆಯನ್ನೇ ಹಿಡಿದು ‘ಚೋರ್’ ಎಂದಿದ್ದರೆ ಕನ್ನಡ ಕಿವಿಗೆ ಬೇರೆಯೇ ಅರ್ಥ ಹೊಳೆಯುತ್ತಿತ್ತು!

ಹೊಸ ಒಡಂಬಡಿಕೆಯಲ್ಲಿ ‘ತ್ಯುರಿಯೊಸ್’ ಬರುವುದು ಒಂದೇ ಸಲ, ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ. ಅರಸನಾದ ಹೆರೋದ ಅಗ್ರಿಪ್ಪನು ತೂರ್ ಸೀದೋನಿನವರ ಮೇಲೆ ಮುನಿದಿದ್ದನು. ಅವರ ನಾಡಿಗೆ ಆಹಾರ ದೊರೆಯುತ್ತಿದ್ದುದು ಈತನ ಸೀಮೆಯಿಂದ. ಆದುದರಿಂದ ಅವರು ಒಟ್ಟಾಗಿ ಬಂದು, ಅರಮನೆಯ ಅಧಿಕಾರಿ ಬ್ಲಾಸ್ತನನ್ನು ಒಲಿಸಿಕೊಂಡು ಸಂಧಿಯನ್ನು ಬೇಡಿದರು. ಅಗ್ರಿಪ್ಪನು ಸತ್ತುದು ಕ್ರಿ. ಶ. 44ರಲ್ಲಿ. ಇಲ್ಲಿ ಈ ಪದವು ಕುಲವಾಚಕವಲ್ಲ. ಒಂದು ಪಟ್ಟಣದ ಪರವಾಗಿ ಮಾತನಾಡಲು ಬಂದವರನ್ನು ಸೂಚಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಜನಾಂಗದ ಹೆಸರೆಂದು ಭಾವಿಸುವುದುಂಟು, ಅದು ಸಲ್ಲದು.

ಇಂಥ ಪದಕ್ಕೆ ಊರಿನ ಹೊರಗೇ ಹೆಚ್ಚು ಕೆಲಸ. ಡೆಲೊಸ್ ದ್ವೀಪದಲ್ಲಿ ತೂರಿನ ವರ್ತಕರದೇ ಸಂಘವಿತ್ತು. ಇಟಲಿಯ ಪುತಿಯೋಲಿಯಲ್ಲಿ ನೆಲಸಿದ್ದ ತೂರಿನವರು ಕ್ರಿ. ಶ. 174ರಲ್ಲಿ ತಮ್ಮ ಮಳಿಗೆಯ ಖರ್ಚನ್ನು ಭರಿಸಲಾರದೆ ತಾಯ್ನಗರಕ್ಕೆ ಪತ್ರ ಬರೆದರು. ಆ ಪತ್ರ ಶಿಲೆಯಲ್ಲಿ ಉಳಿದಿದೆ. ನಮ್ಮಲ್ಲಿಯೂ ಹಾಗೆಯೇ. ಕುರುಗೋಡಿನೊಳಗೆ ಯಾರನ್ನೂ ‘ಕುರುಗೋಡಿನವರು’ ಎಂದು ಕರೆಯುವ ಪ್ರಸಂಗ ಬಾರದು. ಬಳ್ಳಾರಿಯ ಪೇಟೆಗೆ ಬಂದಾಗಲೇ ಒಬ್ಬರು ಕುರುಗೋಡಿನವರು, ಇನ್ನೊಬ್ಬರು ಸಿರುಗುಪ್ಪದವರು. ಗ್ರೀಕರು ಒಂದು ಪ್ರತ್ಯಯದಿಂದ ಸಾಧಿಸಿದುದನ್ನು ಕನ್ನಡವು ಷಷ್ಠಿಯ ಮೇಲೆ ‘ಅವರು’ ಸೇರಿಸಿ ಸಾಧಿಸುತ್ತದೆ. ‘ತೂರ್ಯರು’ ಎಂದರೆ ಮೌರ್ಯರು, ಆರ್ಯರು ಎಂಬಂತೆ ವಂಶದ ಛಾಯೆ ಬರುತ್ತದೆ; ‘ತೂರಿನವರು’ ಎಂಬುದೇ ಲೇಸೆಂದು ನಮ್ಮ ಅಭಿಪ್ರಾಯ.

ಎಲ್ಲ ಊರ್ಹೆಸರುಗಳೂ ನಿವಾಸವನ್ನೇ ಹೇಳುತ್ತವೆಂದೂ ತಿಳಿಯಲಾಗದು. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡನ್ನು ಆಳಿದವರು ಸಿಂದರು. ತಮ್ಮನ್ನು ನಾಗವಂಶದವರೆಂದು ಹೇಳಿಕೊಂಡ ಸಿಂದರ ಶಾಸನಗಳಲ್ಲಿ ‘ಭೋಗಾವತೀಪುರವರಾಧೀಶ್ವರ’ ಎಂಬ ಬಿರುದಿದೆ. ಭೋಗಾವತಿ ಪುರಾಣಗಳಲ್ಲಿ ನಾಗರ ಪಾತಾಳನಗರಿ. ಬಿರುದಿನಲ್ಲಿರುವ ಆ ಪುರದಲ್ಲಿ ಯಾವ ಸಿಂದನೂ ವಾಸಿಸಿದವನಲ್ಲ.