‘ಶೋಲೆ’ಯ ಎರಡು ಅಂತ್ಯಗಳು

ಶಾಸನವೊಂದರ ಕಾಲ, ಕರ್ತೃ, ಪಾಠಭೇದಗಳನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ಚಲಚ್ಚಿತ್ರವನ್ನೂ ವಿಚಾರಿಸಬಹುದೆಂದರೆ ನಮ್ಮ ವಿದ್ವಾಂಸರಲ್ಲಿ ಕೆಲವರು ನಗುವುದುಂಟು. ರಮೇಶ್ ಸಿಪ್ಪಿಯವರು ನಿರ್ದೇಶಿಸಿದ ‘ಶೋಲೆ’ ಎಂಬ ಹಿಂದೀ ಚಿತ್ರದ ನಿರ್ಮಾಣವೃತ್ತಾಂತವನ್ನು ಅಂಥವರ ಮುಂದಿಡಲು ನಾವು ಬಯಸುತ್ತೇವೆ.

ಸಲೀಂ–ಜಾವೇದರ ಕಥೆಯಲ್ಲಿ ಬರುವ ರಾಮಗಢವು ಉತ್ತರದೇಶದ ಹಳ್ಳಿಯಂತೆ ತೋರುತ್ತದೆ. ತೆರೆಯ ಮೇಲಿನ ರಾಮಗಢವಾದರೋ ನಮ್ಮ ರಾಮನಗರದ ಬೆಟ್ಟಗಳ ನಡುವೆ ಇದ್ದಿತು. ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎನಿಸಿದ್ದ ಈ ಊರಿನ ಹೆಬ್ಬಂಡೆಗಳ ಮಧ್ಯೆ ಕಲಾನಿರ್ದೇಶಕ ರಾಮ್ ಯೇಡೇಕರರು ಒಂದು ಹಳ್ಳಿಯನ್ನೇ ಕಟ್ಟಿಸಿದರು. ಅಲ್ಲಿಗೆ ರಸ್ತೆಯನ್ನೂ ಮಾಡಬೇಕಾಯಿತು. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಮೊದಲಾಯಿತು. ವಿಧವೆಯಾದ ಸೊಸೆ ಸಂಜೆ ದೀಪಗಳನ್ನು ಒಂದೊಂದಾಗಿ ಆರಿಸುವ ಪುಟ್ಟ ದೃಶ್ಯಕ್ಕೆ ಸುಮಾರು 20 ದಿನಗಳು ಹಿಡಿದವು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಬೇಕಾಗಿದ್ದ ಮುಚ್ಚಂಜೆಯ ಬೆಳಕು ದಿನಕ್ಕೆ ಕೆಲವೇ ನಿಮಿಷ ನಿಲ್ಲುತ್ತಿತ್ತು. ರೈಲಿನ ದರೋಡೆ ಮಾತ್ರ ಇಲ್ಲಿಯದಲ್ಲ, ಮುಂಬಯಿಗೆ ಸಮೀಪದ ಪನವೇಲಿನ ಕಡೆಯದು.

ಇವೆಲ್ಲ ರಸಿಕರಿಗೆ ಪ್ರಿಯವಾದ ಸಂಗತಿಗಳು. ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು ಚಿತ್ರದ ಕೊನೆ.

ಮೊದಲು ಚಿತ್ರಿಸಿದ ಅಂತ್ಯದಲ್ಲಿ, ಕೈಗಳನ್ನು ಕಳೆದುಕೊಂಡ ಠಾಕೂರನು ಮೊಳೆ ಬಡಿದ ಪಾದರಕ್ಷೆಗಳಿಂದ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. ಚಿತ್ರವು ಸೆನ್ಸಾರ್ ಮಂಡಲಿಯ ಮುಂದೆ ಬಂದಾಗ 1975ರ ಜೂನ್ 25ರ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳುವುದು ಮಂಡಲಿಗೆ ಸಮ್ಮತವಾಗಲಿಲ್ಲ. ಸೋವಿಯತ್ ದೇಶಕ್ಕೆ ತೆರಳಿದ್ದ ಸಂಜೀವ್ ಕುಮಾರರನ್ನು ಹಿಂದಕ್ಕೆ ಕರೆಸಿ ಅವಸರವಸರವಾಗಿ ಬೇರೊಂದು ಅಂತ್ಯವನ್ನು ಚಿತ್ರಿಸಲಾಯಿತು. ಅದರಲ್ಲಿ ಸರಿಯಾದ ಗಳಿಗೆಗೆ ಪೊಲೀಸರು ಬಂದು ಠಾಕೂರನನ್ನು ತಡೆಯುತ್ತಾರೆ. ಆಗಸ್ಟ್ 15ರಂದು ಬಿಡುಗಡೆಯಾದದ್ದು ಈ ರೂಪ. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ನಡೆದದ್ದೂ ಇದೇ.

ಹಳೆಯ ಪಂಕ್ತಿಯನ್ನು ಕೆರೆದು ಹೊಸದನ್ನು ಕಂಡರಿಸಿದ ಶಾಸನದಲ್ಲಿ ಮೊದಲಿನ ಅಕ್ಷರಗಳ ಗೆರೆ ಅಲ್ಲಲ್ಲಿ ಉಳಿದಿರುವುದನ್ನು ನಾವು ಬಲ್ಲೆವು. ಇಲ್ಲಿಯೂ ಹಾಗೆಯೇ. ಮೊಳೆಯ ಪಾದರಕ್ಷೆಗಳು ಬಿಡುಗಡೆಯಾದ ಪ್ರತಿಯಲ್ಲಿಯೂ ಉಳಿದಿವೆ. ವೈರಿಯನ್ನು ಕೊಲ್ಲುವ ಸಂಕಲ್ಪದಿಂದಲೇ ಸಿದ್ಧನಾಗಿ ಬಂದ ಠಾಕೂರನು ಪೊಲೀಸರ ಎರಡು ಮಾತಿಗೆ ಮಣಿಯುವುದು ಕಥೆಯ ಗತಿಯಿಂದ ಒದಗಿದ್ದಲ್ಲ, ಆ ವರ್ಷದ ರಾಜ್ಯಾಧಿಕಾರದಿಂದ ಒದಗಿದ್ದು. ಪ್ರಜೆಗಳ ಹಕ್ಕುಗಳು ಅಮಾನತಿನಲ್ಲಿದ್ದ ದಿನಗಳಲ್ಲಿಯೇ ತೆರೆಯ ಮೇಲೆ ಕಾನೂನಿನ ಮರ್ಯಾದೆಯನ್ನು ಇಷ್ಟು ಎಚ್ಚರದಿಂದ ಕಾಯಲಾಯಿತೆಂಬುದು ಗಮನಾರ್ಹ.

ಆದ್ದರಿಂದ ‘ಶೋಲೆ’ಯನ್ನು ಎಪ್ಪತ್ತರ ದಶಕದ ಜನಮನದ ಕನ್ನಡಿಯೆಂದು ಉದಾಹರಿಸುವವರು ಯಾವ ಪಾಠವನ್ನು ಉದಾಹರಿಸುತ್ತಿದ್ದೇವೆಂಬುದನ್ನು ಮೊದಲು ಹೇಳಬೇಕು. ಹಿಂದಿನ ಅಂತ್ಯವನ್ನು ಒಳಗೊಂಡ ಜೀರ್ಣೋದ್ಧಾರಗೊಂಡ ಪ್ರತಿ 2025ರ ಜೂನಿನಲ್ಲಿ ಇಟಲಿಯ ಬೊಲೋನ್ಯ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದುದರಿಂದ, ಎರಡು ಪಾಠಗಳನ್ನೂ ಎದುರುಬದುರಿಟ್ಟು ಓದುವುದು ಈಗ ಸಾಧ್ಯವಾಗಿದೆ.