ನುಡಿಗಾಗಿ ನೆಲ ಹುಡುಕಿದವರು

ಬರಗಾಲದಲ್ಲಿ ಗುಳೆ ಹೋಗುವವರು ಊರನ್ನು ಆರಿಸುವುದಿಲ್ಲ. ಕೂಲಿ ಸಿಕ್ಕ ಕಡೆ ಗುಡಿಸಲು ಹಾಕಿಕೊಳ್ಳುತ್ತಾರೆ. ಮಳೆ ಬಿದ್ದ ಸುದ್ದಿ ಬಂದರೆ ಮರಳುತ್ತಾರೆ. ಆದರೆ ಹೆಂಡತಿ ಮಕ್ಕಳೊಡನೆ, ಮತ್ತೆ ಬರುವುದಿಲ್ಲವೆಂದು ನಿಶ್ಚಯಿಸಿ ದೇಶ ಬಿಡುವವರ ಮುಂದೆ ಒಂದು ದೊಡ್ಡ ಪ್ರಶ್ನೆ ಇರುತ್ತದೆ: ಹೋಗುವುದಾದರೆ ಎಲ್ಲಿಗೆ? ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವುದು ಸಂಬಳ, ಸಾಗುವಳಿಗೆ ಸಿಗುವ ಭೂಮಿ ಅಥವಾ ಮೊದಲೇ ಹೋಗಿ ನೆಲೆಸಿದ ನೆಂಟರ ಕಾಗದ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಲಕ್ಷಾಂತರ ಕುಟುಂಬಗಳು ಅಮೆರಿಕಕ್ಕೆ ಹಡಗು ಹತ್ತಿದ್ದು ಇಂಥ ಕಾರಣಗಳಿಂದಲೇ.

ಅದೇ ಶತಮಾನದಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿನ ಒಂದು ಗುಂಪು ಮಾತ್ರ ಬೇರೆಯೇ ಅಳತೆಗೋಲು ಹಿಡಿದು ಭೂಪಟದ ಮುಂದೆ ಕುಳಿತಿತು. ನಮ್ಮ ಮೊಮ್ಮಕ್ಕಳು ನಮ್ಮ ಭಾಷೆಯಲ್ಲೇ ಮಾತಾಡುವಂಥ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಹುಡುಕಾಟ ಅವರನ್ನು ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾಕ್ಕೆ, ಕುಡಿಯುವ ನೀರೂ ಇಲ್ಲದ ಒಂದು ಕಡಲ ದಂಡೆಗೆ ಕೊಂಡೊಯ್ದಿತು.

ಕೊರಳಿಗೆ ಕಟ್ಟಿದ ಹಲಗೆ

ವೇಲ್ಸ್ ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ಗುಡ್ಡಗಾಡು. ಅಲ್ಲಿನ ವೆಲ್ಷ್ ಭಾಷೆ ಕೆಲ್ಟಿಕ್ ಕುಟುಂಬಕ್ಕೆ ಸೇರಿದ್ದು. ನೆರೆಯಲ್ಲೇ ಇದ್ದರೂ ಇಂಗ್ಲಿಷ್ ಬಲ್ಲವನಿಗೆ ಅದರ ಒಂದು ವಾಕ್ಯವೂ ಅರ್ಥವಾಗದು. ರಾಜಕೀಯವಾಗಿ ಇಂಗ್ಲೆಂಡಿನೊಡನೆ ಬೆರೆತು ಶತಮಾನಗಳಾಗಿದ್ದರೂ ಜನರ ಮನೆಮಾತು, ಪ್ರಾರ್ಥನೆಯ ಮಾತು ವೆಲ್ಷ್ ಆಗಿಯೇ ಉಳಿದಿತ್ತು.

1847ರಲ್ಲಿ ವೇಲ್ಸ್‌ನ ಶಿಕ್ಷಣದ ಬಗ್ಗೆ ಸರ್ಕಾರಿ ವರದಿಯೊಂದು ಹೊರಬಂತು. ಅದನ್ನು ಬರೆದ ಮೂವರು ಆಯುಕ್ತರಿಗೂ ವೆಲ್ಷ್ ಬಾರದು. ಜನರ ಹಿಂದುಳಿದಿರುವಿಕೆಗೆ ಅವರ ಭಾಷೆಯೇ ಒಂದು ಮುಖ್ಯ ಕಾರಣವೆಂದು ವರದಿ ಹೇಳಿತು. ಅವರ ನಡತೆಯ ಮೇಲೂ ಕೆಸರೆರಚಿತು. ವರದಿಯ ಸಂಪುಟಗಳ ಹೊದಿಕೆ ನೀಲಿ ಬಣ್ಣದ್ದಾಗಿದ್ದರಿಂದ ವೇಲ್ಸ್‌ನ ಜನ ಅದನ್ನು ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ಕರೆಯುತ್ತಾರೆ. ಆ ಕಾಲದ ಹಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ಹಲಗೆ ತೂಗುಹಾಕುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡಿದರೆ ಹಲಗೆ ಅದರ ಕೊರಳಿಗೆ ಹೋಗುತ್ತಿತ್ತು. ಸಂಜೆ ಶಾಲೆ ಬಿಡುವಾಗ ಹಲಗೆ ಯಾರ ಕೊರಳಲ್ಲಿದೆಯೋ ಆ ಮಗುವಿಗೆ ಬೆತ್ತದ ಏಟು. ತರಗತಿಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ತೆರುವ ಮಕ್ಕಳನ್ನು ಕಂಡಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಾಲಾ ಎಂಬ ಊರಿನ ಧರ್ಮಶಿಕ್ಷಣ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ಡೇನಿಯಲ್ ಜೋನ್ಸ್ (1822–1898) ಇದನ್ನೆಲ್ಲ ನೋಡುತ್ತಿದ್ದರು. ಅವರು ತರುಣರಾಗಿದ್ದಾಗ ಅಮೆರಿಕದ ಒಹಾಯೋ ಪ್ರಾಂತ್ಯಕ್ಕೆ ಹೋಗಿ ಅಲ್ಲಿ ನೆಲೆಸಿದ್ದ ವೆಲ್ಷ್ ಕುಟುಂಬಗಳ ನಡುವೆ ಕೆಲವು ಕಾಲ ಇದ್ದು ಬಂದಿದ್ದರು. ಅಲ್ಲಿ ಹೊಟ್ಟೆಗೆ ಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ಅಪ್ಪ ಅಮ್ಮ ವೆಲ್ಷ್‌ನಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ಇಂಗ್ಲಿಷ್ ಆಡುವ ಜನರ ನಡುವೆ ಚದುರಿ ನೆಲೆಸಿದರೆ ಭಾಷೆ ಎರಡು ತಲೆಮಾರಿಗೆ ಮುಗಿಯುತ್ತದೆ, ಆದ್ದರಿಂದ ವಲಸೆ ಹೋಗುವವರೆಲ್ಲ ಒಂದೇ ಕಡೆಗೆ, ಬೇರೆ ಯಾರೂ ಇಲ್ಲದ ಕಡೆಗೆ ಹೋಗಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು.

ಭೂಪಟದ ಮುಂದೆ

ಹಾಗಾದರೆ ಅಂಥ ಜಾಗ ಯಾವುದು? ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡದ ಪಶ್ಚಿಮ ತೀರದ ವ್ಯಾಂಕೂವರ್ ದ್ವೀಪ, ಕೊನೆಗೆ ಪ್ಯಾಲೆಸ್ಟೈನ್ ಕೂಡ ಚರ್ಚೆಗೆ ಬಂದವು. ಬ್ರಿಟಿಷ್ ಬಾವುಟ ಹಾರುವ ಕಡೆ ಇಂಗ್ಲಿಷ್ ಹಿಂಬಾಲಿಸಿ ಬರುವುದು ತಪ್ಪದು ಎಂಬ ಲೆಕ್ಕದಲ್ಲಿ ಹಲವು ಹೆಸರುಗಳು ಬಿದ್ದುಹೋದವು. ಉಳಿದದ್ದು ಪೆಟಗೋನಿಯಾ. ಅರ್ಜೆಂಟೀನಾ ಅದನ್ನು ತನ್ನದೆನ್ನುತ್ತಿತ್ತು, ಚಿಲಿಯೂ ಹಕ್ಕು ಹೂಡಿತ್ತು. ನಿಜದಲ್ಲಿ ಅಲ್ಲಿ ಇಬ್ಬರ ಆಡಳಿತವೂ ಇರಲಿಲ್ಲ. ತನ್ನ ಹಕ್ಕು ಗಟ್ಟಿಯಾಗಬೇಕಾದರೆ ಅಲ್ಲಿ ಯಾರಾದರೂ ನೆಲೆಸಬೇಕು ಎಂಬುದು ಅರ್ಜೆಂಟೀನಾದ ಗೃಹಮಂತ್ರಿ ಗಿಲ್ಯೆರ್ಮೊ ರಾಸನ್ ಅವರ ಆಲೋಚನೆ. ಪ್ರತಿ ಕುಟುಂಬಕ್ಕೆ ಸುಮಾರು 100 ಎಕರೆ ಭೂಮಿ ಕೊಡಲು ಅವರು ಒಪ್ಪಿದರು. ವೆಲ್ಷ್ ಜನ ಬಯಸಿದ್ದ ಪ್ರತ್ಯೇಕ ಸ್ವಯಮಾಡಳಿತಕ್ಕೆ ಮಾತ್ರ ಅಲ್ಲಿನ ಸಂಸತ್ತು ಒಪ್ಪಲಿಲ್ಲ. ಮುಂದಿನ ತೊಡಕಿನ ಬೀಜ ಇಲ್ಲೇ ಬಿತ್ತು.

ಹೊಲ ಕೊಳ್ಳುವವನು ಹೊಲ ನೋಡಿ ಬರಬೇಕಲ್ಲವೆ? 1862ರ ಕೊನೆಯಲ್ಲಿ ಲೂಯಿಸ್ ಜೋನ್ಸ್ ಮತ್ತು ಲವ್ ಜೋನ್ಸ್ ಪ್ಯಾರಿ ಎಂಬಿಬ್ಬರು ಜಾಗ ನೋಡಲು ಹೊರಟರು. 1863ರ ಮೊದಲಲ್ಲಿ ಬಿರುಗಾಳಿಗೆ ಸಿಕ್ಕ ಅವರ ಹಡಗು ಒಂದು ಕೊಲ್ಲಿಯಲ್ಲಿ ಆಶ್ರಯ ಪಡೆಯಿತು. ಜೋನ್ಸ್ ಪ್ಯಾರಿಯ ಜಮೀನ್ದಾರಿಯ ಹೆಸರಿನಿಂದ ಅದು ಪೋರ್ಟ್ ಮ್ಯಾಡ್ರಿನ್ ಆಯಿತು. ಹತ್ತಿರದ ಚುಬುತ್ ನದಿಯ ಕಣಿವೆಯನ್ನು ನೋಡಿ ಬಂದವರು, ಅದು ವೇಲ್ಸ್‌ನ ಬಯಲುಸೀಮೆಯಂತೆಯೇ ಇದೆ ಎಂದು ಹೊಗಳಿದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ; ಇವರು ಬೆಟ್ಟವನ್ನು ಹತ್ತಿರದಿಂದ ಕಂಡೂ ನುಣ್ಣಗೆಂದೇ ಹೇಳಿದರು. ಆ ಕಣಿವೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಚಿತ್ರದುರ್ಗದ ಒಣಸೀಮೆಗೆ ಬೀಳುವ ಮಳೆಯ ಅರ್ಧದಷ್ಟೂ ಅಲ್ಲ.

1865ರ ಮೇ ಕೊನೆಯಲ್ಲಿ ‘ಮಿಮೋಸಾ’ ಎಂಬ ಹಳೆಯ ಚಹಾ ಹಡಗು ಲಿವರ್‌ಪೂಲ್ ಬಿಟ್ಟಿತು. ದೊಡ್ಡವರಿಗೆ 12 ಪೌಂಡ್, ಮಕ್ಕಳಿಗೆ 6 ಪೌಂಡ್ ಪ್ರಯಾಣದರ ಎಂದು ಗೊತ್ತುಮಾಡಿದ್ದರೂ ಖರ್ಚಿನ ಬಹುಪಾಲು ಬಿದ್ದದ್ದು ಮೈಕೆಲ್ ಜೋನ್ಸ್ ದಂಪತಿಗಳ ಮೇಲೆ. ಅವರ ಪತ್ನಿ ತವರಿನಿಂದ ತಂದ ಹಣ ಹಡಗಿನ ಸಿದ್ಧತೆಗೆ ಹೋಯಿತು. ಹೊರಟವರು ಸುಮಾರು 153 ಜನ, ಅವರಲ್ಲಿ 52 ಮಕ್ಕಳು. ಗಣಿ ಕೆಲಸದವರು, ದರ್ಜಿಗಳು, ಚಮ್ಮಾರರು, ಬಡಗಿಗಳು ಅದರಲ್ಲಿದ್ದರು. ಒಕ್ಕಲುತನ ಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಬೇಸಾಯವೊಂದೇ ಬದುಕಿನ ದಾರಿಯಾದ ಸೀಮೆಗೆ ಹೊರಟ ತಂಡ ಇದು.

ನೀರು ಕಂಡ ಕಣ್ಣು

ಎರಡು ತಿಂಗಳ ಪ್ರಯಾಣದಲ್ಲಿ ಕೆಲವು ಎಳೆಯ ಮಕ್ಕಳು ಹಡಗಿನಲ್ಲೇ ತೀರಿಕೊಂಡವು. ಜುಲೈ 28ರಂದು ದಡ ಸೇರಿದಾಗ ಅಲ್ಲಿ ನಡುಚಳಿಗಾಲ. ಮನೆಗಳಿರಲಿಲ್ಲ, ಮರಗಳಿರಲಿಲ್ಲ, ಸಿಹಿನೀರೂ ಇರಲಿಲ್ಲ. ದಂಡೆಯ ಮೆತ್ತನೆಯ ಬಂಡೆಯನ್ನು ಕೊರೆದು ಮಾಡಿದ ಗವಿಗಳು ಕೆಲವರಿಗೆ ಮೊದಲ ಆಸರೆಯಾದವು. ನದಿಯ ಕಣಿವೆ ಅಲ್ಲಿಂದ ಸುಮಾರು 65 ಕಿಲೋಮೀಟರ್ ದೂರ. ಗಂಡಸರು ಒಣ ಬಯಲಿನಲ್ಲಿ ಬಾಯಾರಿಕೊಂಡು ನಡೆದರು. ಹೆಂಗಸರು ಮಕ್ಕಳನ್ನು ಹೊತ್ತ ಸಣ್ಣ ಹಡಗು ಗಾಳಿಗೆ ಸಿಕ್ಕಿ ದಿನಗಟ್ಟಲೆ ತಡವಾಗಿ ನದೀಮುಖ ತಲುಪಿತು. ಅಲ್ಲಿ ಕಟ್ಟಿದ ಊರಿಗೆ ಮಂತ್ರಿಯ ಹೆಸರನ್ನೇ ಇಟ್ಟು ರಾಸನ್ ಎಂದು ಕರೆದರು.

ಬಿತ್ತಿದ ಗೋಧಿ ಒಣಗಿತು. ಸರ್ಕಾರ ಕಳಿಸಿದ ಧಾನ್ಯದ ಮೇಲೆ ಎರಡು ವರ್ಷ ಕಳೆಯಿತು. 1867ರಲ್ಲಿ ಬಹಳ ಮಂದಿ ಸಾಕೆಂದು ಗಂಟುಮೂಟೆ ಕಟ್ಟಿ ಕೊಲ್ಲಿಯ ದಡಕ್ಕೆ ಬಂದಿದ್ದರು. ಇನ್ನೊಂದು ವರ್ಷ ನೋಡಿ ಎಂದು ರಾಸನ್ ಒಪ್ಪಿಸಿ ಹಿಂದಕ್ಕೆ ಕಳಿಸಿದರು. ಆ ವರ್ಷದ ನವೆಂಬರಿನಲ್ಲಿ ಏರನ್ ಜೆಂಕಿನ್ಸ್ ಎಂಬಾತನ ಹೊಲದ ಪೈರು ಬಾಡುತ್ತಿತ್ತು. ನದಿಯಲ್ಲಿ ನೀರು ಹೊಲದ ಮಟ್ಟಕ್ಕಿಂತ ಎತ್ತರದಲ್ಲಿ ಹರಿಯುತ್ತಿರುವುದನ್ನು ಕಂಡ ಆತನ ಹೆಂಡತಿ ರೇಚಲ್, ದಡ ಒಡೆದು ಕಾಲುವೆ ತೆಗೆದರೆ ಹೇಗೆ ಎಂದಳಂತೆ. ಒಡೆದರು, ನೀರು ಹರಿಯಿತು, ಪೈರು ಎದ್ದಿತು. ಕಾವೇರಿ, ತುಂಗಭದ್ರೆಯ ದಡದ ರೈತರಿಗೆ ಇದು ಮಹಾ ಸಂಶೋಧನೆ ಅನ್ನಿಸಲಾರದು. ಮಳೆಯ ನಾಡಿನಿಂದ ಬಂದ ಗಣಿ ಕೆಲಸದವರಿಗೆ ಅದು ಜೀವ ಉಳಿಸಿದ ತಿಳಿವು. ಮುಂದೆ ಇಡೀ ಕಣಿವೆಯುದ್ದಕ್ಕೂ ಕಾಲುವೆಗಳು ಬಂದವು. ಚುಬುತ್ ಗೋಧಿ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಬಹುಮಾನ ಪಡೆಯಿತು.

‘ಯಾರೂ ಇಲ್ಲದ ನೆಲ’ ಎಂಬ ಮಾತು ನಿಜವಾಗಿರಲಿಲ್ಲ. ತೆವೆಲ್ಚೆ ಎಂಬ ಅಲೆಮಾರಿ ಬೇಟೆಗಾರರ ನೆಲ ಅದು. 1866ರಲ್ಲಿ ಇಬ್ಬರೂ ಮೊದಲ ಬಾರಿಗೆ ಮುಖಾಮುಖಿಯಾದರು. ವಲಸೆಯ ಚರಿತ್ರೆಯಲ್ಲಿ ಇಂಥ ಭೇಟಿಗಳು ಹೆಚ್ಚಾಗಿ ರಕ್ತದಲ್ಲಿ ಮುಗಿದಿವೆ. ಇಲ್ಲಿ ಬೇಟೆಯ ಪಾಠದಿಂದ ಶುರುವಾಯಿತು. ತೆವೆಲ್ಚೆಗಳು ಗ್ವಾನಾಕೊ ಎಂಬ ಕಾಡುಪ್ರಾಣಿಯನ್ನು ಹಿಡಿಯುವುದನ್ನು ಕಲಿಸಿದರು, ಮಾಂಸ ಕೊಟ್ಟು ರೊಟ್ಟಿ ಪಡೆದರು. ಎರಡು ದಶಕಗಳೊಳಗೆ ಅರ್ಜೆಂಟೀನಾದ ಸೈನ್ಯ ಈ ಮೂಲನಿವಾಸಿಗಳ ಮೇಲೆ ದಂಡೆತ್ತಿ ಬಂದು ನೆಲ ಕಸಿದುಕೊಂಡಿತು. 1883ರಲ್ಲಿ ವೆಲ್ಷ್ ಜನ ತಮ್ಮ ನೆರೆಯವರ ಪರವಾಗಿ ಸೇನಾಧಿಕಾರಿಗೆ ಮನವಿ ಬರೆದರು. ಫಲವಾಗಲಿಲ್ಲ. ಪೆಟಗೋನಿಯಾವನ್ನು ಅರ್ಜೆಂಟೀನಾಕ್ಕೆ ಗಟ್ಟಿಮಾಡಿಕೊಡಲೆಂದೇ ವೆಲ್ಷ್ ಜನರಿಗೆ ಭೂಮಿ ಸಿಕ್ಕಿತ್ತು ಎಂಬುದನ್ನು ಮರೆಯುವಂತಿಲ್ಲ.

ಸರ್ಕಾರ ಬಂತು

ಸುಮಾರು ಇಪ್ಪತ್ತು ವರ್ಷ ಮೈಕೆಲ್ ಜೋನ್ಸ್ ಕನಸಿನಂತೆಯೇ ನಡೆಯಿತು. ಪಂಚಾಯಿತಿ, ನ್ಯಾಯ, ಶಾಲೆ, ಪ್ರಾರ್ಥನೆ ಎಲ್ಲವೂ ವೆಲ್ಷ್‌ನಲ್ಲೇ. 18 ತುಂಬಿದ ಹೆಂಗಸರಿಗೂ ಮತದ ಹಕ್ಕಿತ್ತು. ಬ್ರಿಟನ್ನಿನ ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಲು 1918ರವರೆಗೆ ಕಾಯಬೇಕಾಯಿತು. 1885ರಲ್ಲಿ ರೈತರ ಸಹಕಾರಿ ವ್ಯಾಪಾರ ಸಂಘ, 1891ರಲ್ಲಿ ‘ಅ ಡ್ರಾವೊಡ್’ ಎಂಬ ವೆಲ್ಷ್ ಪತ್ರಿಕೆ ಹುಟ್ಟಿದವು. ಹೊಸ ರೈಲುದಾರಿಯ ಮೇಲೆ ಲೂಯಿಸ್ ಜೋನ್ಸ್ ಹೆಸರಿನಲ್ಲಿ ಟ್ರೆಲ್ಯೂ ಎಂಬ ಪಟ್ಟಣ ಎದ್ದಿತು. ‘ಟ್ರೆ’ ಎಂದರೆ ಊರು.

ಕಣಿವೆ ಹಸಿರಾದ ಮೇಲೆ ಅದು ಒಂಟಿಯಾಗಿ ಉಳಿಯುವುದು ಸಾಧ್ಯವಿರಲಿಲ್ಲ. 1884ರಲ್ಲಿ ಚುಬುತ್ ಅರ್ಜೆಂಟೀನಾದ ರಾಷ್ಟ್ರೀಯ ಪ್ರಾಂತ್ಯವಾಯಿತು, ರಾಜಧಾನಿಯಿಂದ ಗವರ್ನರ್ ಬಂದರು. 1896ರಲ್ಲಿ ಶಾಲೆಗಳ ಭಾಷೆ ಸ್ಪ್ಯಾನಿಷ್ ಎಂದಾಯಿತು. ಇಂಗ್ಲಿಷಿನಿಂದ ತಪ್ಪಿಸಿಕೊಳ್ಳಲು ಅರ್ಧ ಭೂಮಿ ದಾಟಿ ಬಂದವರ ಮಕ್ಕಳು ಇನ್ನೊಂದು ರಾಜಭಾಷೆಯ ಮುಂದೆ ಕುಳಿತರು.

1899ರ ನೆರೆ ಕಣಿವೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಎಲ್ಲಿಗೆ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 1902ರಲ್ಲಿ 200ಕ್ಕೂ ಹೆಚ್ಚು ಜನ ಕೆನಡಕ್ಕೆ, ಅಂದರೆ ಹಿರಿಯರು ಬೇಡವೆಂದು ಬಿಟ್ಟುಬಂದಿದ್ದ ಬ್ರಿಟಿಷ್ ಬಾವುಟದ ಕೆಳಕ್ಕೇ, ಹೊರಟರು. ಅದೇ ವರ್ಷ ಆಂಡೀಸ್ ಪರ್ವತದ ತಪ್ಪಲಿನ ಟ್ರೆವೆಲಿನ್‌ನಲ್ಲಿ ನೆಲೆಸಿದ್ದ ವೆಲ್ಷ್ ಕುಟುಂಬಗಳ ಮುಂದೆ ಬೇರೊಂದು ಆಯ್ಕೆ ಬಂತು. ಅರ್ಜೆಂಟೀನಾ–ಚಿಲಿ ಗಡಿ ವಿವಾದದ ವಿಚಾರಣೆಗೆ ಬಂದಿದ್ದ ತೋಮಸ್ ಹೋಲ್ಡಿಚ್, ನೀವು ಯಾವ ದೇಶಕ್ಕೆ ಸೇರುತ್ತೀರಿ ಎಂದು ಅವರನ್ನು ಕೇಳಿದರು. ಈ ಹೋಲ್ಡಿಚ್ ಭಾರತದ ಸರ್ವೇ ಇಲಾಖೆಯಲ್ಲಿ ದುಡಿದು ವಾಯವ್ಯ ಗಡಿಯನ್ನು ಅಳೆದವರು. ಕುಟುಂಬಗಳು ಅರ್ಜೆಂಟೀನಾ ಎಂದವು. ಅಷ್ಟು ಹೊತ್ತಿಗೆ ಅವರ ಕಾಲುವೆ, ಗೋರಿ, ನೆಂಟಸ್ತಿಕೆ ಎಲ್ಲವೂ ಆ ಮಣ್ಣಿನಲ್ಲಿದ್ದವು.

ಉಳಿದದ್ದು ಏನು?

ಮೊದಲ ಮಹಾಯುದ್ಧದ ಹೊತ್ತಿಗೆ ವೇಲ್ಸ್‌ನಿಂದ ಹೊಸಬರು ಬರುವುದು ನಿಂತಿತು. ಇಟಲಿ, ಸ್ಪೇನ್‌ನಿಂದ ಬಂದವರ ನಡುವೆ ವೆಲ್ಷ್ ಜನ ಅಲ್ಪಸಂಖ್ಯಾತರಾದರು. ಆದರೂ ಚುಬುತ್‌ನಲ್ಲಿ ಇಂದಿಗೂ ಕೆಲವು ಸಾವಿರ ಮಂದಿ ವೆಲ್ಷ್ ಆಡುತ್ತಾರೆ. ಅಮೆರಿಕಕ್ಕೆ ಹೋದ, ಇವರಿಗಿಂತ ಎಷ್ಟೋ ಪಾಲು ಹೆಚ್ಚಿನ ವೆಲ್ಷ್ ಕುಟುಂಬಗಳಲ್ಲಿ ಭಾಷೆ ಹೆಸರಿಗಷ್ಟೇ ಉಳಿಯಿತು. ಈ ಮಟ್ಟಿಗೆ ಮೈಕೆಲ್ ಜೋನ್ಸ್ ಲೆಕ್ಕ ತಪ್ಪಾಗಲಿಲ್ಲ.

ಆದರೆ ಭಾಷೆಯನ್ನು ಉಳಿಸಿದ್ದು ಅವರು ಹುಡುಕಿದ ಏಕಾಂತವಲ್ಲ. ಏಕಾಂತ ಮೊದಲ ವರ್ಷಗಳಲ್ಲಿ ಕೊಟ್ಟದ್ದು ಹಸಿವು ಮತ್ತು ಪುಟ್ಟ ಗೋರಿಗಳನ್ನು. ಒಟ್ಟಿಗೆ ತೋಡಿದ ಕಾಲುವೆಗೆ ಸರದಿ ಹಾಕಬೇಕು, ಸಂಘದಲ್ಲಿ ಲೆಕ್ಕ ಬರೆಯಬೇಕು, ಪತ್ರಿಕೆಯಲ್ಲಿ ಜಗಳವಾಡಬೇಕು. ಇವೆಲ್ಲ ನಡೆದದ್ದು ವೆಲ್ಷ್‌ನಲ್ಲಿ. ದಿನದ ಕೆಲಸಕ್ಕೆ ಬೇಕಾದ ಭಾಷೆ ಬದುಕಿತು. ಶಾಲೆ ಕೈತಪ್ಪಿದಾಗ ಸೊರಗಿತು.

ಇನ್ನು ಊರಲ್ಲೇ ಉಳಿದವರ ಕಥೆ. 2021ರ ಜನಗಣತಿಯಂತೆ ವೇಲ್ಸ್‌ನಲ್ಲಿ ಸುಮಾರು 5 ಲಕ್ಷ 38 ಸಾವಿರ ಜನ, ಅಂದರೆ ನೂರಕ್ಕೆ ಹದಿನೆಂಟರಷ್ಟು, ವೆಲ್ಷ್ ಬಲ್ಲೆವೆಂದು ಬರೆಸಿದ್ದಾರೆ. ಇದು ಹೆಮ್ಮೆಪಡುವ ಸಂಖ್ಯೆಯಲ್ಲ. ಆದರೂ ಸಾಯುವುದು ಖಂಡಿತವೆಂದು ಕೆಲವರು ಕೈಬಿಟ್ಟು ಬಂದಿದ್ದ ನೆಲದಲ್ಲಿ ಜನ ಹೋರಾಡಿ ವೆಲ್ಷ್ ಶಾಲೆಗಳನ್ನು ಪಡೆದರು, 1993ರಲ್ಲಿ ಆಡಳಿತದಲ್ಲಿ ವೆಲ್ಷ್‌ಗೆ ಸ್ಥಾನ ಕೊಡುವ ಕಾನೂನನ್ನೂ ಪಡೆದರು.

ಹೊರದೇಶಕ್ಕೆ ಹೊರಡುವ ನಮ್ಮ ಕುಟುಂಬಗಳೂ ಇಂದು ಊರು ಆರಿಸುತ್ತವೆ. ವೀಸಾ, ಸಂಬಳ, ಮನೆಬಾಡಿಗೆ, ಮಕ್ಕಳ ಶಾಲೆ ನೋಡುತ್ತವೆ. ಅಲ್ಲಿ ಕನ್ನಡಕೂಟ ಇದೆಯೇ ಎಂದು ವಿಚಾರಿಸುವವರೂ ಇದ್ದಾರೆ. ಯಾರೂ ಭಾಷೆಗಾಗಿ ಮರುಭೂಮಿಗೆ ಹೋಗಬೇಕಿಲ್ಲ. ಆದರೆ ಒಂದನ್ನು ಮುಂದಿಟ್ಟು ಊರು ಆರಿಸಿದಾಗ ಉಳಿದವುಗಳ ಬೆಲೆಯನ್ನು ಮಕ್ಕಳೂ ತೆರುತ್ತಾರೆ. ಮಿಮೋಸಾ ಹಡಗಿನ 52 ಮಕ್ಕಳನ್ನು ಯಾರೂ ಕೇಳಿರಲಿಲ್ಲ.

1997ರಿಂದ ಒಂದು ಯೋಜನೆಯಡಿ ವೇಲ್ಸ್‌ನಿಂದ ಶಿಕ್ಷಕರು ಚುಬುತ್‌ಗೆ ಹೋಗಿ ವೆಲ್ಷ್ ಕಲಿಸುತ್ತಿದ್ದಾರೆ. ಟ್ರೆಲ್ಯೂನಲ್ಲಿ ಮಕ್ಕಳು ಸ್ಪ್ಯಾನಿಷ್ ಜೊತೆಗೆ ವೆಲ್ಷ್ ಕಲಿಯುವ ಶಾಲೆಯಿದೆ. ಭಾಷೆಯನ್ನು ಕಾಪಾಡಲೆಂದು ಕಟ್ಟಿದ ನೆಲೆಗೆ ಇಂದು ಭಾಷೆ ಬರುತ್ತಿರುವುದು ಬಿಟ್ಟುಬಂದ ಊರಿನಿಂದ.