ಪಾಕೀಟಿನ ಮೇಲಿನ ‘ತಪ್ಪು ಇಂಗ್ಲಿಷ್’: ಒಂದು ಮರುಪರಿಶೀಲನೆ

ಏಷ್ಯಾದ ಸರಕು, ಉಡುಪುಗಳ ಮೇಲಿನ ಅಡ್ಡಾದಿಡ್ಡಿ ಇಂಗ್ಲಿಷನ್ನು ಅಜ್ಞಾನವೆಂದು ನಕ್ಕು ಬಿಡುವ ರೂಢಿ ವಿದ್ವತ್ತಿನಲ್ಲಂತೂ ಮುಗಿದಿದೆ. ಜಪಾನಿನ ಉದಾಹರಣೆ ಹಿಡಿದು ಭಾಷಾವಿಜ್ಞಾನಿ ಹರಾಲ್ಡ್ ಹಾರ್ಮನ್ 1989ರಲ್ಲೇ, ಜಾಹೀರಾತಿನಲ್ಲಿ ಪರಭಾಷೆ ಬರುವುದು ಓದಿಸಿಕೊಳ್ಳಲಿಕ್ಕಲ್ಲ, ಠೀವಿಗೆ ಎಂದು ತೋರಿಸಿದರು. 2010ರಲ್ಲಿ ಸಮಾಜಭಾಷಾವಿಜ್ಞಾನಿ ಯಾನ್ ಬ್ಲೊಮಾರ್ಟ್ ಟೋಕಿಯೊದ ಚಾಕೊಲೇಟ್ ಅಂಗಡಿಯೊಂದರ ಫ್ರೆಂಚ್ ಹೆಸರನ್ನು (ಅರ್ಥ ‘ನೀನಾಳ ಪೃಷ್ಠ’!) ಎತ್ತಿಕೊಂಡು ಆ ವಾದವನ್ನು ಬೆಳೆಸಿದರು: ಅಲ್ಲಿರುವುದು ಭಾಷೆಯಲ್ಲ, ಲಾಂಛನ.

ಗದಗ ಸಮೀಪದ ಕಳಸಾಪುರದಂಥ ಊರಿನ ಕಿರಾಣಿ ಅಂಗಡಿಗೆ ಬಂದರೆ ಈ ವಾದ ಅರ್ಧಕ್ಕೇ ನಿಲ್ಲುತ್ತದೆ. ಖಾರಪುಡಿ, ಶ್ಯಾವಿಗೆ, ಕಡಕ್ ರೊಟ್ಟಿಯ ಪಾಕೀಟಿನ ಮೇಲೆ ತೂಕ, ಬೆಲೆ, ವಿಳಾಸ ಇಂಗ್ಲಿಷಿನಲ್ಲಿರುವುದು ಠೀವಿಗಲ್ಲ. ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಇವು ದೇವನಾಗರಿ ಲಿಪಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲೇಬೇಕು. ಕನ್ನಡ ಬೇಕಿದ್ದರೆ ಜತೆಗೆ. ಇಲ್ಲಿ ಕಾಗುಣಿತ ತಪ್ಪಿದ್ದರೆ ಅದು ಕಾನೂನಿಗೆ ಒಪ್ಪಿಸಿದ ಕಂದಾಯ.

ನನ್ನ ತಕರಾರು ಮೂರನೆಯದೊಂದು ಬಗೆಯ ಬಗ್ಗೆ. ಯಾವ ನಿಘಂಟಿಗೂ ಸಿಗದ, ಉಚ್ಚರಿಸಲೂ ಬಾರದ ರೋಮನ್ ಅಕ್ಷರಗಳ ಸಾಲನ್ನೂ ‘ತಪ್ಪು ಇಂಗ್ಲಿಷ್’ ಎಂದೇ ಎಣಿಸಿಬಿಡುತ್ತೇವೆ. ಇವುಗಳಲ್ಲಿ ಕೆಲವಾದರೂ ಇಂಗ್ಲಿಷೇ ಅಲ್ಲ, ಫಾಂಟ್ ಕಳೆದುಕೊಂಡ ಕನ್ನಡ ಎಂಬುದು ನನ್ನ ಊಹೆ. ಯೂನಿಕೋಡ್‌ಗೆ ಹಿಂದಿನ ನುಡಿ ಫಾಂಟಿನಲ್ಲಿ ಕನ್ನಡದ ಬಿಡಿ ಚೂರುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂತಿವೆ. ‘ಕನ್ನಡ’ ಎಂದು ಬೆರಳಚ್ಚಿಸಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ದೊಡ್ಡ ‘ಪಿ’, ಓರೆಗೆರೆ ಹೊತ್ತ ‘ಎ’, ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ನಕಾರದ ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಆ ‘ಎ’. ಓರೆಗೆರೆಯ ಈ ‘ಎ’ ನಮ್ಮ ತಲಕಟ್ಟು. ಅದು ಹೆಜ್ಜೆಹೆಜ್ಜೆಗೂ ಮರುಕಳಿಸಿದರೆ ಒಳಗಿರುವುದು ಕನ್ನಡ ಎನ್ನಲು ಅಡ್ಡಿಯಿಲ್ಲ. ಡಿಟಿಪಿ ಮಾಡಿದವರು ಒಂದೂರಿನವರು, ಪಾಕೀಟು ಅಚ್ಚೊತ್ತುವ ಸಿಲಿಂಡರ್ ಕೊರೆದವರು ಮತ್ತೊಂದೂರಿನವರಾದಾಗ ಇದು ಸುಲಭವಾಗಿ ನುಸುಳುತ್ತದೆ. ಕೊರೆದ ಸಿಲಿಂಡರ್ ದುಬಾರಿ. ಅದನ್ನು ಬದಲಿಸುವವರೆಗೆ ತಪ್ಪು ಸಾವಿರಾರು ಪಾಕೀಟುಗಳ ಮೇಲೆ ಹಾಗೇ ಇಳಿಯುತ್ತದೆ.

ಈ ಊಹೆಗೆ ಮಿತಿಗಳು ಇದ್ದೇ ಇವೆ. ನುಡಿಯಂತೆಯೇ ಬಳಕೆಯಲ್ಲಿದ್ದ ಇನ್ನೊಂದು ಕನ್ನಡ ತಂತ್ರಾಂಶವಾದ ಶ್ರೀಲಿಪಿಯ ವಿನ್ಯಾಸ ಬೇರೆ, ಆದ್ದರಿಂದ ತಲಕಟ್ಟಿನ ಗುರುತು ಅಲ್ಲಿ ಕೆಲಸಕ್ಕೆ ಬಾರದು. ತಂತ್ರಾಂಶವು ಓರೆಗೆರೆಯ ಅಕ್ಷರಗಳನ್ನೇ ನುಂಗಿಬಿಟ್ಟರೆ ಉಳಿಯುವ ಬರೀ ‘ಪಿ’, ‘ಕ್ಯೂ’ಗಳಿಂದ ಏನನ್ನೂ ಸಾಧಿಸಲಾಗದು. ಯೂನಿಕೋಡ್ ಕಡತಕ್ಕೆ ಫಾಂಟ್ ಸಿಗದಿದ್ದರೆ ಸಾಮಾನ್ಯವಾಗಿ ಕಾಣುವುದು ಖಾಲಿ ಚೌಕ ಅಥವಾ ಚದುರಿದ ಒತ್ತಕ್ಷರ, ರೋಮನ್ ಅಲ್ಲ. ಹಾಗಾಗಿ ಈ ಬಗೆ ಹಳೆಯ ಫಾಂಟುಗಳ ಬಳಕೆ ಉಳಿದಿರುವಷ್ಟು ಕಾಲಕ್ಕೆ ಸೀಮಿತ. ಅಂಗಿಯ ಮೇಲಿನ ಬರಹಕ್ಕಂತೂ ಇದನ್ನು ಹಿಗ್ಗಿಸುವ ಧೈರ್ಯ ನನಗಿಲ್ಲ. ಅಲ್ಲಿ ಹಾರ್ಮನ್ ಮಾತೇ ಸರಿಯೆನಿಸುತ್ತದೆ.

ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಕನ್ನಡ ಸೇರಿಸಲೆಂದು ಮುದ್ರಕರ ಹಳೆಯ ಕಡತಗಳು ಮತ್ತೆ ಹೊರಬರುವ ಸಂದರ್ಭವಿದು. ಈ ಊಹೆ ನಿಲ್ಲುವುದೋ ಬೀಳುವುದೋ ತೀರ್ಮಾನವಾಗಬೇಕಾದರೆ ಪಾಕೀಟಷ್ಟೇ ಸಾಲದು, ಅದರ ಮೂಲ ಕಡತವೂ ಬೇಕು. ಗದಗ-ಬೆಟಗೇರಿಯ ಮುದ್ರಕರು ಅವನ್ನು ಅಳಿಸದೆ ಇಟ್ಟುಕೊಳ್ಳಲಿ ಎಂದು ಕೋರುತ್ತೇನೆ.